ಸಿಪ್ಪೆ ಹಾರುವ ತನಕ

ಮೊನ್ನೆ ಮಧ್ಯಾಹ್ನ ಬಳೆಗಾರರ ಬೀದಿ ಮುಗಿದು ಇಳಿಜಾರು ಶುರುವಾಗುವ ಕಡೆ ನನ್ನ ಗಾಡಿಯ ಹೊಟ್ಟೆಯಿಂದ ಏನೋ ಕಳಚಿಕೊಂಡು ಟಣ್ಣೆಂದು ರಸ್ತೆಗೆ ಬಿತ್ತು. ಹಿಂದೆ ಸೈಕಲ್ಲಿನಲ್ಲಿ ಬರುತ್ತಿದ್ದವರು, "ನಿಲ್ಸಮ್ಮಾ, ಸೋರ್ತಿದೆ" ಎಂದು ಕೂಗಿ, ತಮ್ಮ ಚಕ್ರಕ್ಕೆ ಒಂದು ಹನಿಯೂ ತಾಗದಂತೆ ರಸ್ತೆಯ ಆಚೆ ಅಂಚು ಹಿಡಿದು ಹೋಗಿಬಿಟ್ಟರು. ಇಂಜಿನ್ ಆಫ್ ಮಾಡಿ ಬಗ್ಗಿ ನೋಡಿದೆ. ತೊಟ್ಟಿಕ್ಕುತ್ತಿದ್ದರೆ ಬೇರೆ ಮಾತು. ಇದು ಚೊಂಬು ಬಗ್ಗಿಸಿದ ಹಾಗೆ ಇಳಿಯುತ್ತಿತ್ತು, ಕರ್ರಗೆ, ಬಿಸಿಬಿಸಿಯಾಗಿ. ನೋಡನೋಡುತ್ತಿದ್ದಂತೆ ಬಿಚ್ಚಿದ ಕೊಡೆಯಷ್ಟು ಅಗಲವಾಯಿತು. ಗಾಡಿಗೆ ಸ್ಟ್ಯಾಂಡ್ ಹಾಕಿ, ದುಪಟ್ಟ ಸರಿಮಾಡಿಕೊಂಡು, ಅದರ ಪಕ್ಕದಲ್ಲೇ ಕೂತೆ. ಕೂರದೆ ಇನ್ನೇನು ಮಾಡುವುದು.

ನಮ್ಮೂರಲ್ಲಿ ಚೆಲ್ಲಿದವರ ಕಾಲು ಚೆಲ್ಲಿದ್ದನ್ನು ಬಿಟ್ಟು ಹೋಗುವುದಿಲ್ಲ. ಅದು ಒಣಗಬೇಕು, ಆಮೇಲೆ ಬಿಡುಗಡೆ. ಒರೆಸುವುದು, ಬೂದಿ ಸುರಿಯುವುದು, ಮಣ್ಣು ಮುಚ್ಚುವುದು ಯಾವುದೂ ನಡೆಯುವುದಿಲ್ಲ. ಅದನ್ನೆಲ್ಲ ನಮ್ಮ ಹಿರಿಯರೇ ಮಾಡಿ ನೋಡಿ ಬೇಸತ್ತು ಬಿಟ್ಟಿದ್ದಾರೆ. ಹತ್ತಿರದಲ್ಲಿ ಓಡಾಡಬಹುದು. ತಿರುವು ದಾಟಿ ಮರೆಯಾದರೆ ಮಾತ್ರ ಕಾಲು ತಾನಾಗಿ ಹಿಂದಕ್ಕೆ ತಿರುಗುತ್ತದೆ. ಹಠ ಮಾಡಿದವರ ಮಂಡಿ ತರಚುತ್ತದೆ. ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಕಡಲೆಕಾಯಿ ಬೀಜದ ಕೆಂಪು ಸಿಪ್ಪೆಯನ್ನು ಕಲೆಯ ಮೇಲಿಟ್ಟು ಊದುತ್ತೇವೆ. ಹಾರಿದರೆ ಏಳಬಹುದು, ಅಂಟಿದರೆ ಇನ್ನೂ ಕೂರಬೇಕು. ಹಾಗಾಗಿ ಎಲ್ಲರ ಜೇಬಿನಲ್ಲೂ ಒಂದು ಚಿಟಿಕೆ ಸಿಪ್ಪೆ ಇದ್ದೇ ಇರುತ್ತದೆ. ಹೋಟೆಲಿನವರು ಕಾಫಿಯನ್ನು ಮುಚ್ಚಳದ ಲೋಟದಲ್ಲಿ ಕೊಡುತ್ತಾರೆ. ಪೆಟ್ರೋಲ್ ಬಂಕಿನವರು ಪೈಪನ್ನು ನಮ್ಮ ಕೈಗೇ ಕೊಟ್ಟು ದೂರ ನಿಲ್ಲುತ್ತಾರೆ. ಪೇಟೆಯ ಎಷ್ಟೋ ಅಂಗಡಿಗಳು ಹುಟ್ಟಿದ್ದೇ ಹೀಗೆ: ಯಾರೋ ಸೀಮೆಎಣ್ಣೆ ಚೆಲ್ಲಿಕೊಂಡು ಕೂತವರು ಹೊತ್ತು ಹೋಗಲಿ ಎಂದು ಏನಾದರೂ ಮಾರಲು ಶುರುಮಾಡಿ, ಒಣಗಿದ ಮೇಲೂ ಗಿರಾಕಿಗಳನ್ನು ಬಿಡಲಾರದೆ ಅಲ್ಲೇ ಉಳಿದುಕೊಂಡರು. ಮದುವೆಮನೆಗಳಲ್ಲಿ ಈಗಲೂ ಹೇಳಿ ನಗುವ ಒಂದು ಮಾತಿದೆ. ಹೊಸ ಅಳಿಯನೊಬ್ಬ ಮಾವನ ಮನೆಯಲ್ಲಿ ಒಳ್ಳೆಯವನೆನಿಸಿಕೊಳ್ಳಲು ನೀರು ಸೇದಿ ಡ್ರಮ್ಮು ತುಂಬಿಸಿ ಬಂದನಂತೆ. ತನ್ನ ಮನೆಯಲ್ಲಿ ಊಟಕ್ಕೆ ಕೂತಾಗ ಅಲ್ಲಿ ಡ್ರಮ್ಮು ಬಿರಿಯಿತಂತೆ. ಎಂಜಲು ಕೈಯಲ್ಲೇ ಊರುದ್ದ ನಡೆದು ಬಂದು ಮಾವನ ಅಂಗಳದಲ್ಲಿ ಕೂತನಂತೆ.

ನೀರಾದರೆ ಒಂದಿಷ್ಟು ಹೊತ್ತು. ಹಾಲಾದರೆ, ಪಾಯಸವಾದರೆ ಇನ್ನೂ ಸ್ವಲ್ಪ. ಎಣ್ಣೆಯಾದರೆ ವಾರದ ಮಾತು.

ವಾರ ಕೂರುವುದಕ್ಕೂ ನಾನು ಹೆದರುತ್ತಿರಲಿಲ್ಲವೇನೋ. ಆದರೆ ನಾನು ಆಗ ಹೊರಟಿದ್ದದ್ದು ಮಗಳ ಶಾಲೆಗೆ. ಸ್ವಲ್ಪ ಮುಂಚೆ ಶಾಲೆಯ ಆಯಾ ದೇವೀರಮ್ಮ ಫೋನು ಮಾಡಿದ್ದರು. "ಹೊನ್ನಮ್ಮ, ನಿಮ್ಮ ಕುಮುದ ಡ್ರಾಯಿಂಗ್ ಕ್ಲಾಸಲ್ಲಿ ಬಣ್ಣದ ನೀರು ಚೆಲ್ಕೊಂಡ್ಲು. ಕಾಲು ಹಿಡೀತು. ಮೊದಲ್ನೇ ಸಲ ಅಲ್ವಾ, ಬೆಲ್ಲ ತಗೊಂಡು ಬನ್ನಿ."

ಹಾಲುಹಲ್ಲು ಬೀಳುವ ತನಕ ಮಕ್ಕಳು ಚೆಲ್ಲಿದ್ದೆಲ್ಲ ತಾಯಿಯ ಕಾಲಿಗೆ. ಚಿಕ್ಕ ಮಕ್ಕಳಿರುವ ಹೆಂಗಸರನ್ನು ನಮ್ಮೂರಲ್ಲಿ ಯಾರೂ ಎಲ್ಲಿಗೂ ಕರೆಯುವುದಿಲ್ಲ, ಕರೆದರೆ ತಪ್ಪಾಗುತ್ತದೆ. ಕುಮುದ ಅಂಗನವಾಡಿಯಲ್ಲಿ ಗಂಜಿ ಚೆಲ್ಲಿದರೆ ನಾನು ರುಬ್ಬುವ ಕಲ್ಲಿನ ಮುಂದಿನಿಂದ ಎದ್ದು ಹಿಟ್ಟಿನ ಕೈಯಲ್ಲೇ ಓಡುತ್ತಿದ್ದೆ. ಓಡುತ್ತಿದ್ದೆ ಎಂದರೆ ಕಾಲು ಓಡುತ್ತಿತ್ತು, ನಾನು ಮೇಲೆ ಕೂತು ಹೋದ ಹಾಗೆ. ನನ್ನ ಕಸುಬೇ ಹಿಟ್ಟಿನದು. ದೋಸೆ, ಇಡ್ಲಿಗೆ ರುಬ್ಬಿ ರಬ್ಬರ್ ಪಟ್ಟಿಯ ಮುಚ್ಚಳವಿರುವ ಕ್ಯಾನುಗಳಲ್ಲಿ ಹೋಟೆಲುಗಳಿಗೆ ಹಾಕುತ್ತೇನೆ. ಚೆಲ್ಲುವ ಪದಾರ್ಥವಾದ್ದರಿಂದ ಈ ಕೆಲಸಕ್ಕೆ ಪೈಪೋಟಿಯಿಲ್ಲ. ಗಂಡ ಲಾರಿಯ ಮೇಲೆ. ಊರಲ್ಲಿರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಕ್ಯಾನುಗಳನ್ನು ಸ್ಕೂಟರಿನಲ್ಲಿ ಸಾಗಿಸಲಾಗದೆ ಈಚೆಗೆ ಟೈಲರ್ ಅಂಕಯ್ಯನವರ ಹಳೆಯ ಮೋಟರ್ ಬೈಕು ಕೊಂಡಿದ್ದೆ. ಪೆಟ್ರೋಲು ಹಾಕಿ ಓಡಿಸುತ್ತಿದ್ದೆನೇ ಹೊರತು ಅದರ ಹೊಟ್ಟೆಯೊಳಗೆ ಏನಿದೆ ಎಂದು ಬಗ್ಗಿ ನೋಡಲು ಪುರುಸೊತ್ತಿರಲಿಲ್ಲ.

ಕಳೆದ ವಾರ ಕುಮುದಳ ಮುಂದಿನ ಹಲ್ಲು ಬಿತ್ತು. ಇನ್ನು ಮೇಲೆ ಅವಳ ಕಾಲು ಅವಳದು, ನನ್ನ ಕಾಲು ನನ್ನದು ಎಂದು ನಿಟ್ಟುಸಿರು ಬಿಟ್ಟಿದ್ದೆ. ಆದರೆ ಮೊನ್ನೆ ಫೋನು ಬಂದಾಗ ಬಗ್ಗಿ ನನ್ನ ಕಾಲನ್ನೇ ನೋಡಿಕೊಂಡೆ. ಅವಳು ಚೆಲ್ಲಿದ್ದಳು, ನನ್ನ ಕಾಲಿಗೆ ಏನೂ ಗೊತ್ತಾಗಿರಲಿಲ್ಲ.

ಮಗುವಿನ ಕಾಲು ಮೊದಲ ಸಲ ಹಿಡಿದಾಗ ತಾಯಿ ಪಕ್ಕದಲ್ಲಿ ಕೂರಬೇಕು, ಬಾಯಿಗೆ ಬೆಲ್ಲ ಹಾಕಬೇಕು, ಇಬ್ಬರೂ ಸೇರಿ ಸಿಪ್ಪೆ ಊದಬೇಕು. ಹಾಗೆ ಮಾಡದಿದ್ದರೆ ಆ ಮಗುವಿಗೆ ಕಾಲಿನ ಭಯ ಹೋಗುವುದಿಲ್ಲ. ಬೇರೆಯವರು ಇದನ್ನು ಶಾಸ್ತ್ರ ಎನ್ನಬಹುದು. ನನಗೆ ಇದು ಮೈಮೇಲಿನ ಸಂಗತಿ. ನನ್ನ ಮೊದಲ ಸಲ ನಾನು ಕೆರೆಯ ಏರಿಯ ಮೇಲೆ ಹಾಲಿನ ತಂಬಿಗೆ ಬೀಳಿಸಿಕೊಂಡೆ. ಅಮ್ಮನಿಗೆ ಯಾರೂ ಸುದ್ದಿ ಮುಟ್ಟಿಸಲಿಲ್ಲ. ಮನೆಗೆ ಓಡಲು ನೋಡಿದೆ. ಕಾಲು ನನ್ನನ್ನು ಎಳೆದುಕೊಂಡು ಬಂದು ಆ ಹಾಲಿನ ಹತ್ತಿರ ಕೆಡವಿತು. ಮತ್ತೆ ಎದ್ದು ಓಡಿದೆ, ಮತ್ತೆ ಕೆಡವಿತು. ಅವತ್ತಿನಿಂದ ನಾನು ಹೋಗಲು ನೋಡುವುದೇ ಇಲ್ಲ. ನೀರು ತುಳುಕಿದರೂ ಅಲ್ಲೇ ಕುಕ್ಕರಿಸುತ್ತೇನೆ. ನನ್ನ ಗಂಡ ನಗುತ್ತಾನೆ, "ಕಾಲು ಎಳೆಯೋಕೂ ಮುಂಚೆ ಕೂತ್ಕೊಳ್ಳೋಳು ನೀನೊಬ್ಳೇ ಕಣೆ" ಎಂದು. ನಗಲಿ. ಕುಮುದ ಮಾತ್ರ ಹೀಗಾಗಬಾರದು ಎಂದು ಹಲ್ಲು ಬಿದ್ದ ದಿನವೇ ಒಂದು ಅಚ್ಚು ಬೆಲ್ಲ ತಂದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಅದೇ ಬೆಲ್ಲ ತೊಡೆಯ ಮೇಲಿಟ್ಟುಕೊಂಡು ಆ ಎಣ್ಣೆಯ ಪಕ್ಕ ಕೂತಿದ್ದೆ.

ಇಳಿಜಾರಿನ ಕೆಳಗೆ ಮೆಕ್ಯಾನಿಕ್ ದಸ್ತಗೀರನ ಶೆಡ್ಡು. ಅವನು ಒಂದು ಮಣೆ, ಒಂದು ಛತ್ರಿ ಹಿಡಿದು ಬಂದ. ಯಾರೇ ಕೂತರೂ ಮಣೆ ಕೊಡುವುದು ನಮ್ಮೂರ ಮರ್ಯಾದೆ.

"ಹೊನ್ನಕ್ಕ, ಎಣ್ಣೇನಾ?"

"ಎಣ್ಣೇನೇ."

ಸಾವಿನ ಮನೆಯಲ್ಲಿ ನಿಂತ ಹಾಗೆ ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತ. ಆಮೇಲೆ ಗಾಡಿಯ ಕೆಳಗೆ ಇಣುಕಿ, ರಸ್ತೆಯ ಮೇಲೆ ಎಣ್ಣೆಯ ಗೆರೆ ಹಿಡಿದು ಮೇಲಕ್ಕೆ ನಡೆದು ಹೋಗಿ, ಕಾಗದದಲ್ಲಿ ಹಿಡಿದುಕೊಂಡು ಒಂದು ಬೋಲ್ಟನ್ನು ತಂದ.

"ಆಯಿಲ್ ಬಿಡೋ ಬೋಲ್ಟು ಇದು. ಥ್ರೆಡ್ ಸವೆದು ನುಣ್ಣಗಾಗಿದೆ. ಹಿಡೀಲಿ ಅಂತ ದಾರ ಸುತ್ತಿದ್ದಾರೆ, ನೋಡಿ." ಬೋಲ್ಟಿನ ಕತ್ತಿಗೆ ನೀಲಿ ದಾರ ಒತ್ತೊತ್ತಾಗಿ, ಒಂದು ಸುತ್ತೂ ಇನ್ನೊಂದರ ಮೇಲೆ ಹತ್ತದಂತೆ ಸುತ್ತಿತ್ತು. "ಎಷ್ಟು ಚೆಂದ ಸುತ್ತಿದ್ದಾರೆ. ಇದೇನು ಬೋಲ್ಟೋ, ಕೋಟಿನ ಗುಂಡಿಯೋ."

ಆ ನೀಲಿಯನ್ನು ನಾನು ಗುರುತಿಸಿದೆ. ಕುಮುದಳ ಶಾಲೆಯ ಯೂನಿಫಾರ್ಮ್ ಹೊಲಿಯುವ ನೀಲಿ ಅದು. ಅಂಕಯ್ಯನವರು ಗಾಡಿ ಕೊಡುವಾಗ ಹೇಳಿದ್ದು ನೆನಪಾಯಿತು. "ನೋಡಮ್ಮ, ನನ್ನ ವಸ್ತು ಅಂದ್ರೆ ಊರಿಗೇ ಗೊತ್ತು. ಈ ವಯಸ್ಸಿನ ತನಕ ನಾನು ಒಂದ್ಸಲಾನೂ ಎಲ್ಲೂ ಕೂತವನಲ್ಲ. ಒಂದು ಹನಿ ಚೆಲ್ಲಿದವನಲ್ಲ." ನಿಜವಾಗಿ ಅವರು ಹಾಗೆಯೇ. ನೀರನ್ನೂ ಒದ್ದೆ ಬಟ್ಟೆಯಿಂದ ಹಿಂಡಿ ಕುಡಿಯುವವರ ಹಾಗೆ ಬದುಕಿದವರು. ಆ ಮಾತು ನಂಬಿಯೇ ನಾನು ಗಾಡಿ ಕೊಂಡಿದ್ದು.

"ಪುಣ್ಯಕ್ಕೆ ಕೂಡಲೇ ಆಫ್ ಮಾಡಿದ್ರಿ" ಎಂದ ದಸ್ತಗೀರ್. "ಇಳಿಜಾರು ಇಳಿಯೋ ತನಕ ಓಡಿಸಿದ್ರೆ ಇಂಜಿನ್ ಕಚ್ಚಿಕೊಂಡು ಹೋಗ್ತಿತ್ತು. ದೊಡ್ಡ ಬೋಲ್ಟು ಹಾಕಿ ಸರಿಮಾಡ್ತೀನಿ. ಗಾಡಿಗೇನೂ ಆಗಿಲ್ಲ."

"ಗಾಡಿ ಕಟ್ಕೊಂಡು ಏನು ಮಾಡ್ಲಿ ದಸ್ತಗೀರಾ, ಮಗು ಶಾಲೇಲಿ ಕೂತಿದೆ. ಮೊದಲ್ನೇ ಸಲ."

ಅವನ ಮುಖ ಸಣ್ಣದಾಯಿತು. "ಬೆಲ್ಲ ಕೊಡಿ, ನಾನು ಮೊಪೆಡ್ಡಲ್ಲಿ ಹೋಗಿ ಕೊಟ್ಟು ಬರ್ತೀನಿ."

"ನಿನ್ನ ಕೈಯಿಂದ ತಿಂದ್ರೆ ಆಗುತ್ತಾ?"

"ಆಗಲ್ಲ" ಎಂದು ಅವನೇ ಒಪ್ಪಿಕೊಂಡ. ಅವನೂ ಮಕ್ಕಳೊಂದಿಗ.

ದೇವೀರಮ್ಮನಿಗೆ ಫೋನು ಮಾಡಿ ಮಗುವಿಗೆ ಕೊಡಿ ಎಂದೆ. "ಅಮ್ಮಾ, ಎಲ್ಲಿದ್ದೀಯಾ?" ಎಂದಳು. ಬರ್ತಿದ್ದೀನಿ ಎಂದೆ. "ನನ್ನ ಕಾಲು ಜುಮ್ ಅಂತಿದೆ. ಎದ್ದು ನೋಡ್ಲಾ?" ಎಂದಳು. "ಬೇಡ, ಏಳಬೇಡ, ಬೀಳ್ತೀಯಾ" ಎಂದು ಜೋರಾಗಿಯೇ ಹೇಳಿಬಿಟ್ಟೆ. "ಹೂಂ" ಎಂದಳು, ಸಣ್ಣ ದನಿಯಲ್ಲಿ. ನನ್ನ ಭಯವನ್ನು ನಾನೇ ಫೋನಿನಲ್ಲಿ ಅವಳಿಗೆ ದಾಟಿಸಿದ ಹಾಗಾಯಿತು. ಫೋನು ಕಟ್ ಮಾಡಿದೆ. ಬೆಲ್ಲ ಬಿಸಿಲಿಗೆ ಬೆವರಿ ಕಾಗದಕ್ಕೆ ಅಂಟಿಕೊಳ್ಳತೊಡಗಿತ್ತು. ಒಂದು ಸಿಪ್ಪೆ ತೆಗೆದು ಎಣ್ಣೆಯ ಮೇಲಿಟ್ಟೆ. ಊದುವುದೇ ಬೇಕಿರಲಿಲ್ಲ, ಮುಳುಗಿತು.

ಅಷ್ಟರಲ್ಲಿ ಬಳೆಗಾರರ ಬೀದಿಯ ಕಡೆಯಿಂದ ಏನೋ ಗದ್ದಲ ಕೇಳಿಸಿತು. ನೋಡಿದರೆ ಟೈಲರ್ ಅಂಕಯ್ಯನವರು ಬರುತ್ತಿದ್ದರು. ಕುತ್ತಿಗೆಗೆ ಸಲೂನಿನ ಬಿಳಿ ಬಟ್ಟೆ ಕಟ್ಟಿತ್ತು. ಬಲಗೆನ್ನೆ ನುಣ್ಣಗೆ ಬೋಳಿಸಿತ್ತು, ಎಡಗೆನ್ನೆಯ ತುಂಬ ನೊರೆ. ಮೈ ಹಿಂದಕ್ಕೆ ವಾಲಿತ್ತು, ಕಾಲು ಮಾತ್ರ ದಡದಡನೆ ಮುಂದೆ ಮುಂದೆ ಹೋಗುತ್ತಿತ್ತು. ಹಿಂದೆ ಊರಿನ ಆಚೆ ತುದಿಯ ಸಲೂನಿನ ಯಲ್ಲಪ್ಪ ಕತ್ತಿ ಮಡಚಿ ಹಿಡಿದು, "ಸ್ವಾಮಿ, ಬಟ್ಟೆನಾದ್ರೂ ಬಿಟ್ಟು ಹೋಗಿ" ಎನ್ನುತ್ತ ಓಡಿ ಬರುತ್ತಿದ್ದ.

ಅಂಕಯ್ಯನವರು ನನ್ನ ಗಾಡಿಯ ಹತ್ತಿರ ಬಂದರು. ಎಣ್ಣೆಯ ಅಂಚಿಗೆ ಬಂದದ್ದೇ ಕಾಲು ಗಕ್ಕನೆ ನಿಂತಿತು. ಅವರು ಸುತ್ತ ನೋಡಿದರು. ನನ್ನನ್ನು ನೋಡಿದರು. ನೊರೆಯ ಕೆನ್ನೆಯನ್ನು ಬಟ್ಟೆಯ ತುದಿಯಿಂದ ಮುಚ್ಚಿಕೊಂಡು, "ಸುಮ್ನೆ ಹೀಗೆ ಬಂದೆ" ಎಂದರು. "ಗಾಳಿಗೆ."

ದಸ್ತಗೀರನ ಕೈಯಲ್ಲಿದ್ದ ಬೋಲ್ಟನ್ನೂ ನೀಲಿ ದಾರವನ್ನೂ ಅವರು ನೋಡಿದರು. ತಿರುಗಿ ಬಿರಬಿರನೆ ನಡೆದರು. ಇಳಿಜಾರಿನ ತಿರುವಿನಲ್ಲಿ ಮರೆಯಾದರು. ಮರುಕ್ಷಣವೇ ಹಿಮ್ಮುಖವಾಗಿ ನಡೆದುಕೊಂಡು ವಾಪಸ್ಸು ಬಂದರು.

"ಸ್ವಾಮಿ" ಎಂದ ದಸ್ತಗೀರ್, ನಗು ತಡೆದುಕೊಂಡು. "ಈ ಗಾಡಿಗೆ ಕೊನೇ ಸಲ ಆಯಿಲ್ ಹಾಕಿದ್ದು ಯಾರು?"

ತಾನಾಗಿ ಸೋರಿದ್ದು ಸುರಿದವರ ಕಾಲಿಗೆ, ಆ ಅಳಿಯನ ಡ್ರಮ್ಮಿನ ಹಾಗೆ; ನನಗೆ ಅದು ಹೊಳೆದದ್ದು ಆಗ. ನಾನು ಎದ್ದು ನಿಂತಿದ್ದೆ, ಎದ್ದದ್ದೇ ಗೊತ್ತಾಗಿರಲಿಲ್ಲ. ಇಷ್ಟು ಹೊತ್ತು ಇನ್ನೊಬ್ಬರ ಎಣ್ಣೆಯ ಪಕ್ಕ ಮಣೆ ಹಾಕಿಕೊಂಡು ಕೂತಿದ್ದೆ. ಕಾಲು ಎಳೆಯುತ್ತದೆಯೇ ಎಂದು ಒಂದು ಹೆಜ್ಜೆ ಇಟ್ಟು ನೋಡಿರಲಿಲ್ಲ.

"ಮಾರಿದ್ಮೇಲೆ ಅದೂ ಅವರದ್ದೇ ಅಲ್ವೇನಯ್ಯಾ" ಎಂದು ಅಂಕಯ್ಯನವರು ಮೆಲ್ಲಗೆ ಹೇಳಿದರು. "ಗಾಡಿ ಜೊತೆ ಎಣ್ಣೇನೂ ಹೋಗುತ್ತೆ ಅಂದ್ಕೊಂಡಿದ್ದೆ."

"ಅದಕ್ಕೇ ಮಾರಿದ್ರಾ?" ಎಂದೆ.

ಅವರ ಬೋಳಿಸಿದ ಕೆನ್ನೆ ಕೆಂಪಾಯಿತು. "ಆ ಬೋಲ್ಟು ಒಂದಿನ ಬೀಳುತ್ತೆ ಅಂತ ಗೊತ್ತಿತ್ತು. ರಾತ್ರಿ ನಿದ್ದೆ ಬರ್ತಿರಲಿಲ್ಲ ಕಣಮ್ಮ. ಇಷ್ಟು ವರ್ಷ ಕೂತವನಲ್ಲ, ಈಗ ನಡುಬೀದೀಲಿ..." ಎಂದು ನಿಲ್ಲಿಸಿದರು. ಬೈಯಬೇಕೆಂದು ಬಾಯಿ ತೆರೆದೆ. ನಡುಬೀದಿಯಲ್ಲಿ ನನ್ನನ್ನು ಕೂರಿಸಬಹುದಿತ್ತೇನು ಎಂದು ಕೇಳಬೇಕೆಂದಿದ್ದೆ. ಆದರೆ ಅದಕ್ಕೆ ಪುರುಸೊತ್ತಿರಲಿಲ್ಲ. ನನ್ನ ಕೆಳಗಿದ್ದ ಮಣೆ ಎತ್ತಿ ಅವರ ಕಾಲ ಬಳಿ ಇಟ್ಟೆ. "ಕೂತ್ಕೊಳ್ಳಿ. ಬಂದು ಮಾತಾಡ್ತೀನಿ" ಎಂದೆ. ದಸ್ತಗೀರ್ ಮೊಪೆಡ್ಡಿನ ಕೀಲಿಯನ್ನು ನನ್ನ ಕಡೆ ಎಸೆದ.

ತಿರುವಿನ ಹತ್ತಿರ ಬಂದಾಗ ವೇಗ ತಗ್ಗಿಸಿದೆ. ಇಲ್ಲಿ ಎಳೆಯುತ್ತದೆ, ಇಲ್ಲಿ ಬೀಳುತ್ತೇನೆ ಎಂದು ಹ್ಯಾಂಡಲ್ ಗಟ್ಟಿಯಾಗಿ ಹಿಡಿದೆ. ತಿರುವು ಕಳೆಯಿತು. ಏನೂ ಆಗಲಿಲ್ಲ. ಕೆರೆಯ ಏರಿಯ ಆ ದಿನದಿಂದ ಇಲ್ಲಿಯ ತನಕ ಹಿಡಿದಿಟ್ಟುಕೊಂಡಿದ್ದ ಉಸಿರೊಂದು ಅಲ್ಲಿ ಹೊರಗೆ ಹೋಯಿತು. ಮೊಪೆಡ್ಡು ಬುರುಬುರು ಎನ್ನುತ್ತ ಆಚೆಯ ಏರು ಹತ್ತಿತು.

ಶಾಲೆ ಬಿಟ್ಟಾಗಿತ್ತು. ಜಗಲಿಯಲ್ಲಿ ಕುಮುದ ಕಾಲು ಮಡಚಿ ಕೂತಿದ್ದಳು, ಪಕ್ಕದಲ್ಲಿ ದೇವೀರಮ್ಮ ಸೊಪ್ಪು ಸೋಸುತ್ತಿದ್ದರು. ನೆಲದ ಮೇಲೆ ನೇರಳೆ ಬಣ್ಣದ ದೊಡ್ಡ ಕಲೆ ಒಣಗಿ ಅಂಚೆಲ್ಲ ಬಿರಿದಿತ್ತು.

"ಆಗ್ಲೇ ಒಣಗಿದೆ ಹೊನ್ನಮ್ಮ" ಎಂದರು ದೇವೀರಮ್ಮ. "ಏಳೇ ಅಂದ್ರೆ ಏಳಲ್ಲ. ನನ್ನ ಸಿಪ್ಪೇನೂ ಬೇಡ್ವಂತೆ. ಅಮ್ಮ ಏಳಬೇಡ ಅಂದಿದ್ದಾಳೆ ಅಂತಾಳೆ."

ನಾನು ಅವಳ ಪಕ್ಕ ಕೂತೆ. ಕಾಗದದಿಂದ ಬೆಲ್ಲ ಬಿಡಿಸಿ ಬಾಯಿಗಿಟ್ಟೆ. ಸಿಪ್ಪೆಯನ್ನು ಕಲೆಯ ನಡುವೆ ಇಟ್ಟೆ. ಇಬ್ಬರೂ ಬಗ್ಗಿದೆವು. ಅವಳು ಊದಿದ್ದು ಬಿದ್ದ ಹಲ್ಲಿನ ಸಂದಿಯಿಂದ ಸಿಳ್ಳೆಯಾಗಿ ಬಂತು. ಸಿಪ್ಪೆ ಹಾರಿ ದೇವೀರಮ್ಮನ ಸೊಪ್ಪಿನ ಮೊರದಲ್ಲಿ ಬಿತ್ತು. ಅವಳು ನನ್ನ ಮುಖ ನೋಡಿದಳು.

"ಬೀಳ್ತೀಯಾ ಅಂತ ಹೇಳಿದ್ನಲ್ಲ" ಎಂದೆ, "ಅದು ತಪ್ಪು. ಎದ್ದು ನೋಡು. ಎಳೆದ್ರೆ ವಾಪಸ್ ಬಾ, ಅಷ್ಟೇ."

ಅವಳು ಎದ್ದಳು. ಗೇಟಿನ ತನಕ ನಿಧಾನವಾಗಿ, ಆಮೇಲೆ ಗೋಡೆಯಾಚೆ ಮರೆಯಾಗಿ, ಎಷ್ಟೋ ಹೊತ್ತು ಬರಲೇ ಇಲ್ಲ. ಬಂದಾಗ ಓಡುತ್ತ ಬಂದಳು. "ಎಳೀಲೇ ಇಲ್ಲ ಅಮ್ಮ. ನಾನೇ ಬಂದೆ."

ಇಳಿಜಾರಿಗೆ ವಾಪಸ್ಸು ಬರುವಾಗ ಬಿಸಿಲು ಇಳಿದಿತ್ತು. ಅಂಕಯ್ಯನವರು ಛತ್ರಿಯ ಕೆಳಗೆ ಮಣೆಯ ಮೇಲೆ ಕೂತಿದ್ದರು. ನೋಡಲು ನಾಲ್ಕು ಜನ ಸೇರಿದ್ದರು. "ಮಿಷನ್ ಇಲ್ಲೇ ತರಿಸ್ಕೊಳ್ಳಿ ಸ್ವಾಮಿ, ಒಳ್ಳೆ ಜಾಗ" ಎಂದು ಯಾರೋ ಹೇಳಿದರೆ, "ನನ್ನ ಪ್ಯಾಂಟಿನ ಅಳತೆ ಈಗಲೇ ತಗೊಳ್ಳಿ" ಎಂದು ಇನ್ನೊಬ್ಬರು ಮುಂದೆ ಬಂದು ನಿಂತರು. ಅಂಕಯ್ಯನವರು ನಗಲೂ ಆಗದೆ ಅಳಲೂ ಆಗದೆ, ಅಭ್ಯಾಸಬಲದಿಂದ ಗೇಣು ಹಾಕಿ ಅಳತೆ ನೋಡುತ್ತಿದ್ದರು. ಅವರ ಮಂಡಿ ತರಚಿತ್ತು. ನಾನು ಹೋದ ಮೇಲೆ ಇನ್ನೂ ಒಂದು ಸಲ ಓಡಲು ನೋಡಿರಬೇಕು. ಆ ಮಂಡಿ ನೋಡಿದ ಮೇಲೆ ನನ್ನ ಬೈಗುಳ ಬಾಯಲ್ಲೇ ಉಳಿಯಿತು.

"ರಾತ್ರಿಗೆ ದೋಸೆ ತಂದ್ಕೊಡ್ತೀನಿ" ಎಂದೆ. "ಆದ್ರೆ ಆ ಬೋಲ್ಟಿನ ವಿಷಯ ನಾನು ಮರೆಯಲ್ಲ."

"ಮರೀಬೇಡಮ್ಮ" ಎಂದರು. "ಮಗೂದು ಈ ವರ್ಷದ ಯೂನಿಫಾರ್ಮ್ ನಾನು ಹೊಲೀತೀನಿ."

"ನೀಲಿ ದಾರ ಉಳಿದಿದೆಯಾ?" ಎಂದು ದಸ್ತಗೀರ್ ಕೇಳಿದ. ಎಲ್ಲರೂ ನಕ್ಕರು, ಅವರೂ.

ಕುಮುದ ಅವರ ಎದುರು ಕುಕ್ಕರಿಸಿ ಅವರನ್ನೇ ನೋಡುತ್ತಿದ್ದಳು. "ತಾತ, ನಿಂಗೆ ಇದೇ ಮೊದಲ್ನೇ ಸಲಾನಾ?"

"ಹೂಂ ಕಣಮ್ಮ."

ಅವಳು ತನ್ನ ಲಂಗದ ಜೇಬಿಗೆ ಕೈಹಾಕಿ ಅರ್ಧ ಕಚ್ಚಿದ ಬೆಲ್ಲ ತೆಗೆದಳು. ಎಂಜಲು ಎಂದು ನಾನು ತಡೆಯುವ ಮೊದಲೇ ಅಂಕಯ್ಯನವರು ಬಾಯಿ ತೆರೆದಿದ್ದರು. ನೊರೆ ಒಣಗಿದ ಕೆನ್ನೆಯೊಳಗೆ ಬೆಲ್ಲ ಚೀಪುತ್ತ ಅವರು ಆ ಕಡೆ ತಿರುಗಿ ಕೂತರು.

ದಸ್ತಗೀರ್ ಹೊಸ ಬೋಲ್ಟು ಬಿಗಿದು ಮುಗಿಸಿದ್ದ. ಹೊಸ ಎಣ್ಣೆಯ ಡಬ್ಬಿಯನ್ನೂ ಆಲಿಕೆಯನ್ನೂ ನನ್ನ ಕೈಗೆ ಕೊಟ್ಟು, ನಮ್ಮೂರ ಎಲ್ಲ ಮೆಕ್ಯಾನಿಕ್ಕುಗಳ ಹಾಗೆ ಎರಡು ಮಾರು ದೂರ ಹೋಗಿ ನಿಂತ. ನಾನು ಸುರಿದೆ. ತೆಳ್ಳಗೆ, ಜೇನಿನ ಬಣ್ಣದಲ್ಲಿ ಇಳಿಯಿತು. ಇನ್ನು ಇದು ಸೋರಿದರೆ ನಾನು ಎಲ್ಲಿದ್ದರೂ ನನ್ನ ಕಾಲಿಗೇ ಗೊತ್ತಾಗುತ್ತದೆ. ಗೊತ್ತಾಗಲಿ ಎಂದುಕೊಂಡೆ. ಡಬ್ಬಿ ಖಾಲಿಯಾಗುವ ತನಕ ಬಗ್ಗಿಸಿದೆ.

ಅತ್ತ ಯಲ್ಲಪ್ಪ ಉಳಿದ ಕೆನ್ನೆ ಬೋಳಿಸಲು ಸಿದ್ಧನಾಗಿದ್ದ. ನೀರಿನ ಬಟ್ಟಲನ್ನು ತುಂಬಿ, ಎಲ್ಲಿಡುವುದೆಂದು ತಿಳಿಯದೆ ಸುತ್ತ ನೋಡಿದ. ರಸ್ತೆ ಇಳಿಜಾರು, ನೆಲದ ಮೇಲೆ ನಿಲ್ಲುವುದಿಲ್ಲ. "ಯಾರಾದ್ರೂ ಹಿಡ್ಕೊಳ್ರಪ್ಪ" ಎಂದ. ಸೇರಿದ್ದವರೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿದರು. ಪ್ಯಾಂಟಿನ ಅಳತೆ ಕೊಟ್ಟವರಿಗೆ ಮನೆಯಲ್ಲಿ ಕೆಲಸ ನೆನಪಾಯಿತು.

"ನಾನು ಹಿಡ್ಕೋತೀನಿ" ಎಂದಳು ಕುಮುದ.

ಯಲ್ಲಪ್ಪ ನನ್ನ ಕಡೆ ನೋಡಿದ. ನನ್ನ ಬಾಯಲ್ಲಿ ಬೇಡ ಎನ್ನುವ ಮಾತು ಬಂದು ನಿಂತಿತ್ತು.

"ಚೆಲ್ಲಿದ್ರೆ ತಾತನ ಜೊತೆ ಕೂತ್ಕೋತೀನಿ, ಅಷ್ಟೇ" ಎಂದಳು ಅವಳು ನನಗೆ, ಮತ್ತು ಎರಡೂ ಕೈ ಮುಂದೆ ಚಾಚಿದಳು. ನಾನು ತಲೆಯಾಡಿಸಿದೆ. ಬಟ್ಟಲು ಅಂಚಿನ ತನಕ ತುಂಬಿತ್ತು.